ಹಳೆ ಡೆಸ್ಕ್‌ಟಾಪ್‌ಗೆ ಲಿನಕ್ಸ್: ಹಳೆ ಡಿಸ್ಕ್ ಮುಟ್ಟದೆ ಹಾಕುವ ದಾರಿ

ಹೊಸನಗರದವರು ಕೇಳಿದ್ದು ಇಷ್ಟು: ಮೂರನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ, 11 ಈ ಮಷಿನ್‌ಗೆ ಆಗುವುದಿಲ್ಲ. ತೋಟದ ಲೆಕ್ಕ, ಮಕ್ಕಳ ಓದು, ಹಳೆ ನುಡಿ ಫೈಲ್‌ಗಳಿವೆ. ಯಾವ ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಬೇಕು, ವಿಂಡೋಸ್ ಪಕ್ಕದಲ್ಲೇ ಹಾಕಬಹುದಾ?

ಯಾವುದು ಎಂಬುದಕ್ಕೆ ಉತ್ತರ ಸಣ್ಣದು: ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸಿನ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ, 4 ಜಿಬಿಯಲ್ಲಿ ಓಡುತ್ತದೆ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆಯುವ ಮನೆಯಾದರೆ ಇನ್ನೊಂದು 4 ಜಿಬಿ ಡಿಡಿಆರ್3 ಕಡ್ಡಿ ಹಾಕಿಸಿ.

ಪಕ್ಕದಲ್ಲೇ ಹಾಕಬಹುದು, ಆದರೆ ನಮ್ಮ ಕಡೆಗೆ ಅದು ಬೇಡ ಮಾರಾಯ್ರೇ. ಒಂದೇ ಡಿಸ್ಕಿನಲ್ಲಿ ಎರಡೂ ಇರಬೇಕೆಂದರೆ ವಿಂಡೋಸ್‌ನ ಪಾರ್ಟಿಶನ್ (ಡಿಸ್ಕಿನಲ್ಲಿ ಅದರ ಪಾಲು) ಕುಗ್ಗಿಸಬೇಕು. ಆಗ ಒಳಗಿನ ಫೈಲ್‌ಗಳನ್ನು ಡಿಸ್ಕಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ ಹೋಗುತ್ತದೆ, ಹಳೆ ಡಿಸ್ಕಾದರೆ ಗಂಟೆಗಟ್ಟಲೆ. ಆ ಹೊತ್ತಿಗೇ ಎಲ್ಲೋ ಲೈನ್ ಮೇಲೆ ಮರ ಬಿತ್ತು ಅಂದರೆ ವಿಂಡೋಸೂ ಹೋಯಿತು, ಫೈಲೂ ಹೋಯಿತು. ಅದರ ಬದಲು 240 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕ್) ಒಂದನ್ನು ತಂದು ಲಿನಕ್ಸನ್ನು ಅದಕ್ಕೇ ಹಾಕಿ. ಇನ್‌ಸ್ಟಾಲ್ ಅರ್ಧದಲ್ಲಿದ್ದಾಗ ಕರೆಂಟ್ ಹೋದರೂ ನಷ್ಟ ಏನಿಲ್ಲ, ಮತ್ತೆ ಮೊದಲಿಂದ ಶುರು ಮಾಡಿದರಾಯಿತು. ಮಷಿನ್‌ನ ವೇಗವೂ ರ್‍ಯಾಮ್‌ಗಿಂತ ಹೆಚ್ಚು ಇದರಿಂದಲೇ ಏರುತ್ತದೆ.

ಎಸ್‌ಎಸ್‌ಡಿ ಡಬ್ಬಿಯಲ್ಲಿ ಸಾಮಾನ್ಯವಾಗಿ ಕೇಬಲ್ ಇರುವುದಿಲ್ಲ. ಸಾಟಾ ಡೇಟಾ ಕೇಬಲ್ ಒಂದನ್ನು ಜೊತೆಗೇ ತನ್ನಿ. ಎಸ್‌ಎಂಪಿಎಸ್‌ನಲ್ಲಿ (ಮಷಿನ್‌ಗೆ ಕರೆಂಟ್ ಕೊಡುವ ಡಬ್ಬಿ) ಚಪ್ಪಟೆ ಸಾಟಾ ಪವರ್ ವೈರ್ ಖಾಲಿ ಇಲ್ಲದಿದ್ದರೆ ನಾಲ್ಕು ಪಿನ್ನಿನದರಿಂದ ಸಾಟಾಗೆ ಬದಲಿಸುವ ಕನ್ವರ್ಟರ್ ಸಿಗುತ್ತದೆ. ಬ್ರಾಕೆಟ್ ಬೇಕೆಂದಿಲ್ಲ, ಅದರೊಳಗೆ ತಿರುಗುವ ಭಾಗವೇ ಇಲ್ಲ. ಎರಡು ಬದಿಯ ಟೇಪ್ ಸಾಕು.

ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಮೂರು ಕೆಲಸ ಮುಗಿಸಿಕೊಳ್ಳಿ. ಹಳೆ ನುಡಿ ಫೈಲ್‌ಗಳನ್ನು ನುಡಿ ತಂತ್ರಾಂಶದ ಪರಿವರ್ತಕದಲ್ಲೇ ಯೂನಿಕೋಡ್ ಮಾಡಿ ಬೇರೆ ಹೆಸರಲ್ಲಿ ಉಳಿಸಿ. ಪರಿವರ್ತಿಸದೆ ಬರೀ ಫಾಂಟ್ ಫೈಲ್ ನಕಲು ಮಾಡಿಕೊಂಡರೂ ಮಿಂಟ್‌ನ ಲಿಬ್ರೆಆಫೀಸ್‌ನಲ್ಲಿ ಹಾಗೆಯೇ ತೆರೆಯುತ್ತವೆ, ಓದಬಹುದು. ಆದರೆ ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗದು. ಎರಡನೆಯದು, ಪವರ್ ಆಪ್ಶನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು ಪೂರ್ತಿ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಅರೆನಿದ್ದೆಯಲ್ಲಿ ಉಳಿದು, ಆಮೇಲೆ ಲಿನಕ್ಸ್‌ನಿಂದ ಆ ಡಿಸ್ಕನ್ನು ಓದಬಹುದೇ ಹೊರತು ಬರೆಯಲಾಗದು. ಮೂರನೆಯದು, ಲಿನಕ್ಸ್ ಹಾಕಲು ಬೇಕಾದ ಪೆನ್‌ಡ್ರೈವ್ ತಯಾರಿ.

ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲ್ ಡಿಸ್ಕಿನ ನಕಲು) ಸುಮಾರು 3 ಜಿಬಿ. ಟೊರೆಂಟ್‌ನಲ್ಲಿ ಇಳಿಸಿ. ಸಿಗ್ನಲ್ ಹೋಗಿ ಬಂದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಇಳಿಸಿದ್ದು ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಶಿವಮೊಗ್ಗಕ್ಕೆ ಹೋದಾಗ ಯಾರದೋ ಕಂಪ್ಯೂಟರಿನಿಂದ ನಕಲು ಮಾಡಿಕೊಂಡು ಬಂದರೆ ಮಾತ್ರ ಎಸ್‌ಎಚ್‌ಎ256 (ಫೈಲ್ ಕೆಟ್ಟಿಲ್ಲವೆಂದು ತಿಳಿಸುವ ಗುರುತು) ತಾಳೆ ನೋಡಲೇಬೇಕು: ಸೆವೆನ್‌ಜಿಪ್ ತಂತ್ರಾಂಶ ಇದ್ದರೆ ಫೈಲ್ ಮೇಲೆ ಬಲಕ್ಲಿಕ್ ಮಾಡಿ ಸಿಗುವ 64 ಅಕ್ಷರಗಳನ್ನು ಮಿಂಟ್ ತಾಣದಲ್ಲಿರುವುದಕ್ಕೆ ಹೋಲಿಸಿ. ನಂತರ ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ; ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಐಎಸ್‌ಒ ಮೋಡಾ ಡಿಡಿ ಮೋಡಾ ಎಂದು ಕೇಳಿದರೆ ಮೊದಲನೆಯದು. ಅದು ಬೂಟ್ ಆಗದಿದ್ದರಷ್ಟೇ ಡಿಡಿ.

ಈಗ ಕರೆಂಟ್ ತೆಗೆದು, ಹಳೆ ಹಾರ್ಡ್‌ಡಿಸ್ಕಿನ ಎರಡೂ ವೈರ್ ಕಿತ್ತು, ಎಸ್‌ಎಸ್‌ಡಿ ಮಾತ್ರ ಜೋಡಿಸಿ. ಈ ಹೆಜ್ಜೆ ಬಿಡಬೇಡಿ. ಇನ್‌ಸ್ಟಾಲರ್ 'ಡಿಸ್ಕ್ ಅಳಿಸಿ ಹಾಕು' ಎಂಬ ಆಯ್ಕೆ ಕೊಡುವಾಗ ಅಳಿಯಬಾರದ ಡಿಸ್ಕ್ ಮಷಿನ್‌ನಲ್ಲಿ ಇರಲೇಬಾರದು. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಸಾಟಾ ಮೋಡ್ (ಡಿಸ್ಕ್ ಜೊತೆ ವ್ಯವಹರಿಸುವ ರೀತಿ) ಎಎಚ್‌ಸಿಐ ಇದ್ದರೆ ಒಳ್ಳೆಯದು. ಹಳೆಯ ಐಡಿಇ ಮೋಡ್ ಇದ್ದು ಬದಲಿಸಿದರೆ ಹಳೆ ವಿಂಡೋಸ್ ನೀಲಿ ಪರದೆ ತೋರಿಸಬಹುದು; ಅದು ಬೇಕಾದಾಗ ಮೊದಲಿನಂತೆ ಮಾಡಿದರೆ ಸರಿಹೋಗುತ್ತದೆ.

ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡುವಾಗ ಬೂಟ್ ಮೆನುಗೆ (ಯಾವ ಡಿಸ್ಕಿನಿಂದ ಏಳಬೇಕೆಂದು ಆರಿಸುವ ಪಟ್ಟಿ) ಡೆಲ್, ಲೆನೊವೊ, ಗಿಗಾಬೈಟ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಬೋರ್ಡಿನಲ್ಲಿ ಎಫ್8. ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ (ಹೊಸ ಬಗೆಯ ಬಯಾಸ್) ಎಂದಿರುವುದನ್ನು ಆರಿಸಿ. ಪರದೆ ಕಪ್ಪಾಗಿಯೇ ಉಳಿದರೆ, ಅದೂ ಹಳೆ ಎನ್‌ವಿಡಿಯಾ ಕಾರ್ಡ್ ಇದ್ದರೆ, ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಹಿಡಿಯಿರಿ. ಡೆಸ್ಕ್‌ಟಾಪ್ ಬಂದ ಮೇಲೆ ಇನ್‌ಸ್ಟಾಲ್ ಒತ್ತುವ ಮೊದಲು ಸೌಂಡ್, ವೈಫೈ, ಪ್ರಿಂಟರ್ ನೋಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಆಮೇಲೆ ಡ್ರೈವರ್ ಮ್ಯಾನೇಜರ್‌ನಲ್ಲಿ ಬೇಕಾದದ್ದು ಸಿಗುತ್ತದೆ. ಉಳಿದದ್ದಕ್ಕೆಲ್ಲ ಮುಂದೆ ಮುಂದೆ ಒತ್ತುವುದು, ಟೈಮ್‌ಝೋನ್ ಕೋಲ್ಕತಾ.

ಇಷ್ಟು ಹಳೆಯ ಬೋರ್ಡಿನಲ್ಲಿ ಗಡಿಯಾರ ನಡೆಸುವ ಸಿಆರ್2032 ಸೆಲ್ ಸತ್ತಿರುವ ಸಾಧ್ಯತೆ ಹೆಚ್ಚು. ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗಿ ವೆಬ್‌ಸೈಟ್ ತೆರೆಯದಿರಬಹುದು, ಅಪ್‌ಡೇಟ್ ಆಗದಿರಬಹುದು. ಲಿನಕ್ಸೇ ಕೆಟ್ಟಿದೆ ಎಂದು ಜನ ಬೈಯುತ್ತಾರೆ. ಹೇಗೂ ಡಬ್ಬಿ ಬಿಚ್ಚಿದ್ದೀರಿ, ಅದನ್ನೂ ಬದಲಿಸಿ.

ನುಡಿಯ ಕೀಲಿಮಣೆಯೇ ಬೇಕೆಂದರೆ ಸಿನಾಪ್ಟಿಕ್‌ನಲ್ಲಿ (ತಂತ್ರಾಂಶ ಹುಡುಕಿ ಹಾಕುವ ಸಾಧನ) ಐಬಸ್ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಒಮ್ಮೆ ಲಾಗ್‌ಔಟ್ ಮಾಡಿ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ (ನುಡಿಯದೇ ವಿನ್ಯಾಸ) ಸೇರಿಸಿ. ಗುಬ್ಬಿ, ನವಿಲು ಫಾಂಟ್‌ಗಳೂ ಸಿನಾಪ್ಟಿಕ್‌ನಲ್ಲೇ ಇವೆ.

ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿ ಮಷಿನ್ ಏಳದಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಆನ್ ಮಾಡುವಾಗ ಎಸ್ಕೇಪ್, ಯುಇಎಫ್‌ಐ ಅಲ್ಲದಿದ್ದರೆ ಶಿಫ್ಟ್ ಒತ್ತಿ ಗ್ರಬ್ ಮೆನು (ಲಿನಕ್ಸ್ ಏಳುವ ಮುನ್ನ ಬರುವ ಪಟ್ಟಿ) ತರಿಸಿ. ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಹಿಂದಿನ ಕರ್ನೆಲ್ (ಲಿನಕ್ಸಿನ ತಿರುಳು) ಆರಿಸಿದರೆ ಸಾಮಾನ್ಯವಾಗಿ ಏಳುತ್ತದೆ. ಏಳದಿದ್ದರೆ ಅಲ್ಲೇ ರಿಕವರಿ ಮೋಡ್‌ನಲ್ಲಿ ಮುರಿದ ಪ್ಯಾಕೇಜ್ ಸರಿಪಡಿಸುವ ಡಿಪಿಕೆಜಿ ಆಯ್ಕೆ ಇದೆ.

ಎಲ್ಲ ಸರಿಯಾದ ಮೇಲೆ ಹಳೆ ಡಿಸ್ಕನ್ನು ಮತ್ತೆ ಜೋಡಿಸಿ, ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿ ಮೊದಲು ಇಡಿ. ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಕಂಡರೆ ಗಾಬರಿ ಬೇಡ: ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಗ್ರೀನಿಚ್ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದುಕೊಳ್ಳುತ್ತದೆ.

ಎಸ್‌ಎಸ್‌ಡಿ ಕೊಳ್ಳುವ ಮೊದಲು ಪ್ರಿಂಟರ್ ಮಾಡೆಲ್ ಇಲ್ಲಿ ಹಾಕಿ. ಎಚ್‌ಪಿ, ಎಪ್ಸನ್ ಎಲ್ ಸರಣಿ ಹೆಚ್ಚಿನವು ತೊಂದರೆ ಕೊಡುವುದಿಲ್ಲ. ಕ್ಯಾನನ್ ಎಲ್‌ಬಿಪಿ2900 ಆದರೆ ಅದರ ಕ್ಯಾಪ್ಟ್ ಡ್ರೈವರ್ ಲಿನಕ್ಸ್‌ನಲ್ಲಿ ತಲೆನೋವು. ಪ್ರಿಂಟ್‌ಗೆಂದೇ ಹಳೆ ವಿಂಡೋಸ್ ಉಳಿಸಿಕೊಳ್ಳಬೇಕಾಗುತ್ತದೆ, ಟ್ಯಾಲಿ ಬಳಸುವವರಿಗೂ ಹಾಗೆಯೇ. ಆ ವಿಂಡೋಸ್‌ನಲ್ಲಿ ಇಂಟರ್‌ನೆಟ್ ಮಾತ್ರ ಬೇಡ.