ಮಂಗಳೂರಿನ ಪದವಿ, ನ್ಯೂಜೆರ್ಸಿಯ ಲೈಸೆನ್ಸ್

ನಮಸ್ಕಾರ. ಮದುವೆಯಾಗಿ ಕುಮಟೆಯಿಂದ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದು ಎರಡು ತಿಂಗಳಾಯಿತೆಂದು ಬರೆದಿದ್ದೀರಿ. ಮಂಗಳೂರಿನಲ್ಲಿ ಬಿ.ಎಸ್ಸಿ. ಫಿಸಿಷಿಯನ್ ಅಸಿಸ್ಟೆಂಟ್ (ಪಿಎ, ಅಂದರೆ ವೈದ್ಯರ ಜೊತೆಗೂಡಿ ರೋಗಿಗಳನ್ನು ನೋಡುವವರು) ಕೋರ್ಸು ಮುಗಿಸಿ, ಹೃದ್ರೋಗ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿರುವ ನಿಮಗೆ ಇಲ್ಲಿಯೂ ಅದೇ ಕೆಲಸಕ್ಕೆ ನೋಂದಣಿ ಸಿಗುವುದೇ, ಪರೀಕ್ಷೆ ಬರೆದರೆ ಸಾಕೇ ಎಂದು ಕೇಳಿದ್ದೀರಿ. ಶಿರಸಿ ಸೀಮೆಯ ಹಳ್ಳಿಯಿಂದ ಬಂದು ಇದೇ ದಾರಿಯಲ್ಲಿ ನಡೆದವಳಾದ್ದರಿಂದ, ನಿಮಗೆ ಬೇಸರವಾದರೂ ಮೊದಲೇ ಹೇಳಿಬಿಡುತ್ತೇನೆ: ಆ ಪದವಿಯ ಮೇಲೆ ಇಲ್ಲಿ ನೋಂದಣಿ ಆಗುವುದಿಲ್ಲ, ಪರೀಕ್ಷೆಗೆ ಕೂರಲೂ ಬಿಡುವುದಿಲ್ಲ.

ನೀವು ಕೇಳಿದ ಪರೀಕ್ಷೆಯ ಹೆಸರು ಪ್ಯಾನ್ಸ್. ಅದನ್ನು ನಡೆಸುವುದು ಪಿಎಗಳಿಗೆ ಅರ್ಹತಾಪತ್ರ ಕೊಡುವ ಎನ್‌ಸಿಸಿಪಿಎ ಎಂಬ ಅಮೆರಿಕದ ಸಂಸ್ಥೆ. ಅದರಲ್ಲಿ 300 ಪ್ರಶ್ನೆಗಳಿರುತ್ತವೆ. ಆದರೆ ಪಿಎ ಕೋರ್ಸುಗಳನ್ನು ಪರಿಶೀಲಿಸುವ ಎಆರ್‌ಸಿ-ಪಿಎ ಎಂಬ ಸಂಸ್ಥೆ ಮಾನ್ಯತೆ ನೀಡಿದ ಕಾಲೇಜಿನಲ್ಲಿ ಓದಿ ಮುಗಿಸಿದವರಿಗೆ ಮಾತ್ರ ಅದನ್ನು ಬರೆಯಲು ಅವಕಾಶ. ಆ ಮಾನ್ಯತೆ ನಮ್ಮ ಭಾರತದ ಕಾಲೇಜುಗಳಿಗೆ ಇಲ್ಲ. ನಮ್ಮಲ್ಲಿ 2021ರ ಕಾಯ್ದೆಯು ಈ ವೃತ್ತಿಯನ್ನೂ ಅಲೈಡ್ ಹೆಲ್ತ್, ಅಂದರೆ ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳ ಪಟ್ಟಿಗೆ ಸೇರಿಸಿದೆ ನಿಜ, ಆದರೆ ಅಲ್ಲಿ ಪಡೆದ ನೋಂದಣಿ ಸಮುದ್ರ ದಾಟಿ ಬರುವುದಿಲ್ಲ. ಹಾಗಾಗಿ ನಿಮ್ಮ ಮುಂದಿರುವುದು ಮತ್ತೊಮ್ಮೆ ಓದುವ ದಾರಿ: ಸಾಮಾನ್ಯವಾಗಿ ಎರಡು ವರ್ಷದ ಮೇಲೆ ಕೆಲವು ತಿಂಗಳು ಹಿಡಿಯುವ ಸ್ನಾತಕೋತ್ತರ ಕೋರ್ಸು, ಆಮೇಲೆ ಪ್ಯಾನ್ಸ್, ಅದಾದ ಮೇಲೆ ನ್ಯೂಜೆರ್ಸಿಯ ಲೈಸೆನ್ಸ್. ಲೈಸೆನ್ಸು ಕೊಡುವುದು ರಾಜ್ಯವೇ ಆದ್ದರಿಂದ, ನಾಳೆ ಯಜಮಾನರ ಕೆಲಸ ಟೆಕ್ಸಸ್‌ಗೆ ಹೋದರೆ ಅಲ್ಲಿ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಚಟ ಹಿಡಿಸಬಲ್ಲ ನೋವುನಿವಾರಕಗಳಂಥ ನಿಯಂತ್ರಿತ ಔಷಧಗಳನ್ನು ಬರೆಯಲು ಡಿಇಎ ಎಂಬ ಕೇಂದ್ರ ಸರ್ಕಾರದ ಇಲಾಖೆಯ ನೋಂದಣಿ ಬೇರೆ.

ಪ್ರವೇಶಕ್ಕೆ ಮೊದಲು ಕಾಡುವುದು ಕಾಗದಪತ್ರಗಳು. ನನ್ನ ಒಂದು ವರ್ಷ ಹಾಳಾದದ್ದು ಅಲ್ಲಿಯೇ. ನಮ್ಮ ಪದವಿ ಇಲ್ಲಿನ ಯಾವುದಕ್ಕೆ ಸಮವೆಂದು ತೂಗಿ ನೋಡುವ ಮೌಲ್ಯಮಾಪನದಲ್ಲಿ, ಪದವಿ ಯಾವ ಮಟ್ಟದ್ದೆಂದು ಮಾತ್ರ ಹೇಳುವುದು ಒಂದು ಬಗೆ, ಒಂದೊಂದು ವಿಷಯಕ್ಕೂ ಕ್ರೆಡಿಟ್ (ಎಷ್ಟು ಓದಿದ್ದೇವೆಂಬ ಅಳತೆ) ಲೆಕ್ಕ ಹಾಕಿಕೊಡುವುದು ಇನ್ನೊಂದು. ನಾನು ಅಗ್ಗವೆಂದು ಮೊದಲನೆಯದನ್ನು ಮಾಡಿಸಿದೆ. ಯಾವ ಕಾಲೇಜೂ ಒಪ್ಪಲಿಲ್ಲ. ಎರಡನೆಯದಕ್ಕೆ ವಿಶ್ವವಿದ್ಯಾಲಯದ ಮೊಹರು ಒಡೆಯದ ಲಕೋಟೆ ಬೇಕಿತ್ತು. ಜುಲೈ ಮಳೆಯಲ್ಲಿ ನನ್ನ ತಮ್ಮ ಅದನ್ನು ಬೆಂಗಳೂರಿನಿಂದ ತಂದು, ಕಂಬಳಿಕೊಪ್ಪೆಯೊಳಗೆ ಹಿಡಿದುಕೊಂಡು ಮನೆ ಮುಟ್ಟಿಸಿದ್ದ. ಮಗಳ ಅಂಕಪಟ್ಟಿ ಸರಿಯಿದೆಯೋ ಇಲ್ಲವೋ ಎಂದು ಅಪ್ಪಯ್ಯ ಅದನ್ನು ಒಡೆದು ನೋಡಿ, ಅನ್ನದ ಅಗುಳು ಹಚ್ಚಿ ಮತ್ತೆ ಅಂಟಿಸಿದ್ದರು! ಲಕೋಟೆ ಅಮೆರಿಕಕ್ಕೆ ಬಂದು ತಿರಸ್ಕೃತವಾಯಿತು. ನಿಮ್ಮ ವಿಶ್ವವಿದ್ಯಾಲಯ ನೇರವಾಗಿ ಆನ್‌ಲೈನಿನಲ್ಲಿ ಕಳಿಸುವುದಾದರೆ ಅದನ್ನೇ ಆರಿಸಿಕೊಳ್ಳಿ.

ಮೌಲ್ಯಮಾಪನ ಕೈಗೆ ಬಂದರೂ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರದಂಥ ವಿಷಯಗಳನ್ನು ಇಲ್ಲಿಯೇ ಓದಿರಬೇಕೆಂದು ಬಹಳಷ್ಟು ಕಾಲೇಜುಗಳು ಹೇಳುತ್ತವೆ. ಅವನ್ನು ಕಮ್ಯುನಿಟಿ ಕಾಲೇಜೆಂಬ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ ಮಾಡಿಕೊಂಡರೆ ಖರ್ಚು ಕಡಿಮೆ, ಆದರೆ ಕೆಲವು ಕಡೆ ಅದನ್ನೂ ಒಪ್ಪುವುದಿಲ್ಲ. ದುಡ್ಡು ಕಟ್ಟುವ ಮೊದಲು ಕೇಳಿಕೊಳ್ಳಿ. ಎಚ್-1ಬಿ ಕೆಲಸದ ವೀಸಾದವರ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ. ದುಡಿಯಲು ಮಾತ್ರ ಇಎಡಿ ಎಂಬ ಕೆಲಸದ ಪರವಾನಗಿ ಬೇಕು, ಅದು ಯಜಮಾನರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಸಿಗುತ್ತದೆ.

ನಿಮ್ಮ ಮೂರು ವರ್ಷದ ಅನುಭವ ವ್ಯರ್ಥವಲ್ಲ. ರೋಗಿಗಳೊಡನೆ ಕಳೆದ ಗಂಟೆಗಳನ್ನು ಪ್ರವೇಶದ ಹೊತ್ತಿಗೆ ಲೆಕ್ಕ ಹಾಕುವ ಕಾಲೇಜುಗಳಿವೆ. ಆಸ್ಪತ್ರೆಯಿಂದ ಗಂಟೆಗಳ ಸಮೇತ ಪತ್ರ ತರಿಸಿಕೊಳ್ಳಿ. ಆದರೆ ಲೈಸೆನ್ಸು ಬರುವ ತನಕ ಯಾರ ಮುಂದೆಯೂ ನಾನು ಪಿಎ ಎಂದು ಪರಿಚಯ ಮಾಡಿಕೊಳ್ಳಬೇಡಿ. ಊರಿನಲ್ಲಿ ಕಂಪೌಂಡರನ್ನೂ ಡಾಕ್ಟ್ರೇ ಎಂದು ಕರೆದು ಕೇಳಿದ ಕಿವಿಗೆ ಇದು ಅತಿಯೆನಿಸಬಹುದು; ಇಲ್ಲಿ ಆ ಹೆಸರಿಗೆ ಕಾನೂನಿನ ಕಾವಲಿದೆ. ಮೆಡಿಕಲ್ ಅಸಿಸ್ಟೆಂಟ್ ಎಂಬುದು ಬಿ.ಪಿ. ನೋಡಿ ದಾಖಲಿಸುವಂಥ ಬೇರೆಯದೇ ಕೆಲಸ, ಎರಡನ್ನೂ ಬೆರೆಸಿಕೊಳ್ಳಬೇಡಿ. ಎಲ್ಲ ಮುಗಿದ ಮೇಲೂ ಎರಡು ವರ್ಷಕ್ಕೊಮ್ಮೆ 100 ಕ್ರೆಡಿಟ್‌ನಷ್ಟು ಕಲಿಕೆಯನ್ನು ತೋರಿಸುತ್ತಿರಬೇಕು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಎಂದಾಗಿದೆಯೇ ನೋಡಿ ತಿಳಿಸಿ. ಹಾಗಿದ್ದರೆ ನಿಮ್ಮ ತಂದೆಯವರು ಕುಮಟೆಯಲ್ಲಿಯೇ ಮಾಡಿಸಬೇಕಾದ ಅಫಿಡವಿಟ್ಟಿನ ನಮೂನೆಯನ್ನು ಕಳಿಸುತ್ತೇನೆ.