ವಿಯಾ ಗಡಿ ದಾಟಿದ್ದು ಯಾಕೆ?

ಮೆಕ್ಸಿಕೊ ಕ್ರಾಂತಿಯ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘ಪಾಂಚೊ ವಿಯಾ ಕುದುರೆ ಸವಾರರನ್ನು ಕಟ್ಟಿಕೊಂಡು ಅಮೆರಿಕದ ಊರಿನ ಮೇಲೆ ಬಿದ್ದದ್ದು ಹುಚ್ಚುತನ ಅಲ್ವಾ? ಅವನನ್ನು ವೀರ ಅಂತ ಯಾಕೆ ಹೊಗಳಬೇಕು?’

ಉತ್ತರ ಮೆಕ್ಸಿಕೊದ ಕ್ರಾಂತಿ ನಾಯಕ ವಿಯಾ ಮಾಡಿದ್ದು ಹುಚ್ಚುತನ ಅಂತ ನನಗೆ ಅನ್ನಿಸುವುದಿಲ್ಲ. ಸಿಟ್ಟಿತ್ತು, ಲೆಕ್ಕಾಚಾರವೂ ಇತ್ತು. ಮೊದಲು ವಿಯಾನಿಗೆ ಬಂದೂಕು, ಗುಂಡು ಬರುತ್ತಿದ್ದುದೇ ಅಮೆರಿಕದಿಂದ. ದೊಡ್ಡ ಜಮೀನ್ದಾರರ ದನಗಳನ್ನು ಹಿಡಿದು ಗಡಿಯಾಚೆ ಮಾರಿ, ಆ ದುಡ್ಡಿನಲ್ಲಿ ಆಯುಧ ತರುತ್ತಿದ್ದ. 1915ರ ಏಪ್ರಿಲ್‌ನಲ್ಲಿ ಮೆಕ್ಸಿಕೊದ ಸೆಲಾಯಾದಲ್ಲಿ, ಎದುರಾಳಿ ಬಣದ ಸೇನಾಪತಿ ಒಬ್ರೆಗಾನ್ ಎದುರು ಸೋತ. ಮುಳ್ಳುತಂತಿ, ಮಷಿನ್ ಗನ್ ಇದ್ದ ಕಡೆಗೇ ಸವಾರರನ್ನು ಮತ್ತೆ ಮತ್ತೆ ನುಗ್ಗಿಸಿದ. ಆ ಸೋಲಿಗೆ ಅವನೇ ಹೊಣೆ.

ನವೆಂಬರ್‌ನಲ್ಲಿ ಮೆಕ್ಸಿಕೊದ ಗಡಿ ಊರು ಅಗ್ವಾ ಪ್ರಿಯೆಟಾದಲ್ಲಿ ಆದದ್ದು ಬೇರೆ. ಅಷ್ಟರಲ್ಲಿ ಅಮೆರಿಕ ಅವನ ಎದುರಾಳಿ ಕರಾನ್ಸಾನ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತ್ತು. ಆ ಸರ್ಕಾರದ ಸೈನಿಕರು ಅಮೆರಿಕದ ನೆಲದಲ್ಲೇ ರೈಲು ಹತ್ತಿ ಬಂದು ಊರಿನ ಕಾವಲಿಗೆ ನಿಂತರು. ಕತ್ತಲಲ್ಲಿ ನುಗ್ಗಿದ ವಿಯಾನ ಜನರ ಮೇಲೆ ಸರ್ಚ್‌ಲೈಟ್ ಬಿತ್ತು, ಹಿಂದೆಯೇ ಗುಂಡಿನ ಮಳೆ. ಅಮೆರಿಕ ಬೆನ್ನಿಗೆ ಚೂರಿ ಹಾಕಿತು ಅಂತ ವಿಯಾ ನಂಬಿದ.

1916ರ ಮಾರ್ಚ್ 9ರ ನಸುಕಿನಲ್ಲಿ ಸುಮಾರು 500 ಜನ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕೊಲಂಬಸ್ ಊರಿಗೆ ನುಗ್ಗಿದರು. 18 ಅಮೆರಿಕನ್ನರು ಸತ್ತರು. ದಾಳಿಗೆ ಬಂದವರಲ್ಲಿ ಸತ್ತವರು ಅದಕ್ಕಿಂತ ತುಂಬಾ ಜಾಸ್ತಿ. ವಾರದೊಳಗೆ ಅಮೆರಿಕದ ಜನರಲ್ ಪರ್ಶಿಂಗ್‌ನ ಸೇನೆ ಗಡಿ ದಾಟಿತು. 1917ರ ಫೆಬ್ರವರಿವರೆಗೂ ಅಲ್ಲೇ ಇತ್ತು, ವಿಯಾ ಸಿಗಲಿಲ್ಲ. ಬದಲಿಗೆ 1916ರ ಜೂನ್‌ನಲ್ಲಿ ಮೆಕ್ಸಿಕೊದ ಕರ್ರಿಸಾಲ್‌ನಲ್ಲಿ ಆ ಸೇನೆ ಕಾದಾಡಿದ್ದು ಕರಾನ್ಸಾನ ಸೈನಿಕರ ಜೊತೆ! ಎರಡು ದೇಶಗಳ ನಡುವೆ ಯುದ್ಧ ಘೋಷಣೆಯೊಂದೇ ಬಾಕಿ. ಇಂಥ ಜಗಳ ಹಚ್ಚುವುದೇ ವಿಯಾನ ಉದ್ದೇಶವಾಗಿತ್ತು ಅನ್ನುವ ಇತಿಹಾಸಕಾರರ ಮಾತು ನನಗೆ ಸರಿ ಕಾಣುತ್ತದೆ.

ಆದರೂ ವೀರ ಅನ್ನಲು ಮನಸ್ಸು ಒಪ್ಪುವುದಿಲ್ಲ. ಕೊಲಂಬಸ್ ದಾಳಿಗೆ ಮೊದಲು, 1915ರ ಡಿಸೆಂಬರ್‌ನಲ್ಲಿ, ಮೆಕ್ಸಿಕೊದ ಸೊನೊರಾ ರಾಜ್ಯದ ಸಾನ್ ಪೆದ್ರೊ ದೆ ಲಾ ಕ್ವೇವಾ ಎಂಬ ಹಳ್ಳಿಯ ಗಂಡಸರನ್ನು ಸಾಲಾಗಿ ಕೊಲ್ಲಿಸಿದ. ಊರಿನ ಪಾದ್ರಿಯನ್ನೂ ಬಿಡಲಿಲ್ಲ. ಅವರೂ ಮೆಕ್ಸಿಕೊದ ಬಡವರೇ ಅಲ್ವಾ?

ಗಡಿಯಾಚೆಯೂ ಏಟು ತಿಂದವರು ಇಂಥವರೇ. ಟೆಕ್ಸಸ್‌ನ ಪೊರ್ವೆನಿರ್‌ನಲ್ಲಿ 1918ರ ಜನವರಿ 28ರಂದು ಆ ರಾಜ್ಯದ ಪೊಲೀಸ್ ಪಡೆಯಾದ ರೇಂಜರ್‌ಗಳು 15 ಗಂಡಸರು, ಹುಡುಗರನ್ನು ಮನೆಗಳಿಂದ ಎಬ್ಬಿಸಿ ಒಯ್ದು ಗುಂಡಿಟ್ಟು ಕೊಂದರು. ದರೋಡೆಕೋರರ ಕಡೆಯವರು ಎಂಬ ಅನುಮಾನವೇ ಸಾಕಾಯಿತು. ಕೆಲವು ರೇಂಜರ್‌ಗಳ ಕೆಲಸ ಹೋಯಿತು. ಯಾರಿಗೂ ಜೈಲಾಗಲಿಲ್ಲ. ಈ ಎರಡು ಹಳ್ಳಿಗಳ ಬಗ್ಗೆಯೇ ಒಂದು ಲೇಖನ ಬರೆಸುತ್ತಿದ್ದೇವೆ.

– ಸಂಪಾದಕ