ಹುಟ್ಟಿದ ಕುದುರೆಮರಿಗೆ ಐರನ್ ಪೇಸ್ಟ್ ನೆಕ್ಕಿಸಬೇಡಿ

ಪ್ರಶ್ನೆ: ನಮ್ಮದು ವಿಜಯಪುರದ ಕಡೆ. ಪುಣೆಯ ಹಡಪ್ಸರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಇಟ್ಟಿದ್ದೇವೆ. ಗಬ್ಬದ ಹೆಣ್ಣುಕುದುರೆಗೆ ಹತ್ತು ತಿಂಗಳು ತುಂಬಿದೆ. ಹೋದ ಸಲದ ಮರಿ ಚೆನ್ನಾಗಿ ಹಾಲು ಕುಡಿದು, ಎರಡನೇ ದಿನ ವಸಡು ಬಿಳಚಿ, ಆಮೇಲೆ ಹಳದಿಯಾಗಿ ಸತ್ತಿತು. ಈ ಸಲ ಹುಟ್ಟಿದ ಕೂಡಲೇ ನೆಕ್ಕಿಸಿ ಎಂದು ಮೆಡಿಕಲ್‌ನವರು ಐರನ್ ಪೇಸ್ಟ್ ಕೊಟ್ಟಿದ್ದಾರೆ. ಕೊಡಬಹುದೇ ಸರ್?

ಉತ್ತರ: ಬೇಡ, ಬೆರಳ ತುದಿಯಷ್ಟೂ ಬೇಡ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಫೆರಸ್ ಫ್ಯೂಮರೇಟ್ ಎಂಬ ಕಬ್ಬಿಣದ ಲವಣವಿದ್ದ ಪೇಸ್ಟನ್ನು ಹುಟ್ಟಿದ ಕೂಡಲೇ ತಿನ್ನಿಸಿದ ಮರಿಗಳು ಲಿವರ್ ಕೆಟ್ಟು ಎರಡರಿಂದ ಐದು ದಿನದೊಳಗೆ ಸತ್ತವು.

ಮರಿ ಹುಟ್ಟುವಾಗಲೇ ಅದರ ಲಿವರ್‌ನಲ್ಲಿ ಕಬ್ಬಿಣದ ದಾಸ್ತಾನು ಇರುತ್ತದೆ, ರಕ್ತದಲ್ಲೂ ಕಬ್ಬಿಣ ಹೆಚ್ಚೇ ಇರುತ್ತದೆ. ಗಿಣ್ಣುಹಾಲು ಹೀರಿಕೊಳ್ಳಲೆಂದು ಕರುಳು ಪೂರ್ತಿ ತೆರೆದಿರುವ ಹೊತ್ತದು. ಆಗ ಹಾಕಿದ ಕಬ್ಬಿಣ ತಡೆಯಿಲ್ಲದೆ ಒಳಗೆ ಹೋಗಿ ಲಿವರ್‌ನ ಜೀವಕೋಶಗಳನ್ನು ಸುಡುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ಕುದುರೆಯ ದೇಹಕ್ಕಿಲ್ಲ. ಹಂದಿಮರಿಗೆ ಮೂರನೇ ದಿನ 200 ಮಿಲಿಗ್ರಾಂ ಐರನ್ ಚುಚ್ಚುವ ಪದ್ಧತಿಯಿದೆ, ಅದು ಹುಟ್ಟುತ್ತಲೇ ಕೊರತೆ ಇರುವ ಪ್ರಾಣಿ. ಆ ಲೆಕ್ಕವನ್ನು ಕುದುರೆಗೆ ತರಬಾರದು. ಕುದುರೆಮರಿಯ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣದ ಶೇಕಡಾ ಪಾಲು, 40ರ ಆಸುಪಾಸಿನಿಂದ ಎರಡು ವಾರದಲ್ಲಿ 30ರ ಹತ್ತಿರಕ್ಕೆ ಇಳಿಯುವುದು ಸಹಜ.

ನಿಮ್ಮ ಹೋದ ಸಲದ ಮರಿಯ ಲಕ್ಷಣ ನೋಡಿದರೆ ನನಗೆ ಬೇರೆಯೇ ಅನುಮಾನ. ತಾಯಿಯ ಗಿಣ್ಣುಹಾಲಿನಲ್ಲಿದ್ದ ಪ್ರತಿಕಾಯಗಳೇ ಮರಿಯ ಕೆಂಪು ರಕ್ತಕಣ ಒಡೆದಿರಬಹುದು. ಒಡೆದ ಕಣದ ಕಬ್ಬಿಣ ದೇಹದಲ್ಲೇ ಉಳಿಯುತ್ತದೆ. ಅದರ ಮೇಲೆ ಐರನ್ ಕೊಟ್ಟರೆ ಲಿವರ್‌ಗೆ ಎರಡು ಪೆಟ್ಟು.

ಪೇಸ್ಟಿನ ದುಡ್ಡನ್ನು ಪರೀಕ್ಷೆಗೆ ಹಾಕಿ. ಈಯುವ ಎರಡು ವಾರ ಮುಂಚೆ ತಾಯಿಯ ರಕ್ತ ತೆಗೆಸಿ, ಬೀಜದ ಕುದುರೆಯ ರಕ್ತಕಣದೊಂದಿಗೆ ಹೊಂದುತ್ತದೆಯೇ ಎಂದು ಪಶುವೈದ್ಯರಿಂದ ನೋಡಿಸಿ. ಹೊಂದದಿದ್ದರೆ ಮರಿಗೆ ಮೊದಲ 36ರಿಂದ 48 ಗಂಟೆ ಬಾಯಿಕುಕ್ಕೆ ಹಾಕಿ, ತಾಯಿಯ ಹಾಲು ಕರೆದು ಚೆಲ್ಲಿ. ಬೇರೆ ಕುದುರೆಯ ಗಿಣ್ಣುಹಾಲನ್ನು ಮೊದಲ ಆರರಿಂದ ಎಂಟು ಗಂಟೆಯೊಳಗೆ ಒಟ್ಟು ಒಂದರಿಂದ ಒಂದೂವರೆ ಲೀಟರ್, ಸ್ವಲ್ಪಸ್ವಲ್ಪವಾಗಿ ಕುಡಿಸಿ. ಆ ಹಾಲನ್ನು ಈಗಲೇ ಹುಡುಕಿ ಫ್ರೀಜರ್‌ನಲ್ಲಿಡಿ, ಆ ರಾತ್ರಿ ಎಲ್ಲಿಯೂ ಸಿಗುವುದಿಲ್ಲ. ಹೊಂದಿಕೆ ಸರಿಯಿದ್ದರೆ ಮರಿ ಒಂದು ಗಂಟೆಯಲ್ಲಿ ನಿಂತು, ಎರಡು ಗಂಟೆಯಲ್ಲಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಬೇಕು.

ಮನೆಯಲ್ಲಿ ಯಾರಾದರೂ ಗೊತ್ತಿಲ್ಲದೆ ಪೇಸ್ಟ್ ನೆಕ್ಕಿಸಿಬಿಟ್ಟರೆ, ಕಣ್ಣು ಹಳದಿಯಾಗಲಿ ಎಂದು ಕಾಯಬೇಡಿ. ಹಾಲು ಬಿಡುವುದು, ಮಂಕಾಗುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಶುರುವಾದಾಗ ಲಿವರ್ ಬಹಳಷ್ಟು ಹೋಗಿರುತ್ತದೆ. ಪೇಸ್ಟಿನ ಡಬ್ಬಿ ಹಿಡಿದು ಅದೇ ದಿನ ವೈದ್ಯರ ಬಳಿ ಹೋಗಿ, ರಕ್ತದಲ್ಲಿ ಜಿಜಿಟಿ (ಲಿವರ್‌ನ ಕಿಣ್ವ), ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣದ ವಸ್ತು), ಗ್ಲೂಕೋಸ್ ಮೂರನ್ನೂ ನೋಡಿಸಿ.